ಒಂದು ವರ್ಷದ ಪರೀಕ್ಷೆ: ವಿಜ್ಞಾನಿ ಕಮಲಾ ಸೊಹೋನಿ

ಪ್ರತಿ ವರ್ಷ ಮಳೆಗಾಲ ಆರಂಭವಾಗುವ ಹೊತ್ತಿಗೆ ನಮ್ಮ ಮಣ್ಣಗುಡ್ಡದ ಮನೆಗಳಿಂದಲೂ ಅನೇಕ ಮಕ್ಕಳು ವಿಜ್ಞಾನ ವಿಭಾಗಕ್ಕೆ ಸೇರಿ ಕಾಲೇಜಿನ ದಾರಿ ಹಿಡಿಯುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದ ಸಂತೋಷ ಆಗ ಅವರ ಮುಖದಲ್ಲಿರುತ್ತದೆ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರ ಮುಖ ಬಾಡಿರುತ್ತದೆ. ಕಾರಣ ಕೇಳಿದರೆ ಹೆಚ್ಚಿನವರು ಹೇಳುವ ಹೆಸರು ಒಂದೇ: ಆರ್ಗ್ಯಾನಿಕ್ ಕೆಮಿಸ್ಟ್ರಿ, ಅಂದರೆ ಸಾವಯವ ರಸಾಯನಶಾಸ್ತ್ರ. ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಒಂದು ಕ್ರಿಯೆ ಕಲಿತರೆ ಇನ್ನೊಂದು ಮರೆಯುತ್ತದೆ, ಎಷ್ಟು ಬಾಯಿಪಾಠ ಮಾಡಿದರೂ ಪ್ರಶ್ನೆಪತ್ರಿಕೆಯಲ್ಲಿ ಬೇರೆಯೇ ಬರುತ್ತದೆ ಎಂಬುದು ಅವರ ದೂರು. ಹೆಣ್ಣುಮಕ್ಕಳ ವಿಷಯದಲ್ಲಿ ಈ ದೂರು ಮನೆಯವರ ಕಿವಿಗೆ ಬಿದ್ದರೆ ಇನ್ನೊಂದು ಅಪಾಯವೂ ಇದೆ. ಈ ಒಂದು ವರ್ಷ ನೋಡೋಣ, ಅಂಕ ಬಾರದಿದ್ದರೆ ಓದು ಸಾಕು ಎಂಬ ತೀರ್ಮಾನ ಕೆಲವು ಮನೆಗಳಲ್ಲಿ ಬಹಳ ಬೇಗ ಹೊರಬೀಳುತ್ತದೆ.

ಹೀಗೆ ಒಂದು ವರ್ಷದ ಪರೀಕ್ಷೆಗೆ ಒಳಗಾಗಿ, ಅದರಲ್ಲಿ ಗೆದ್ದು, ತನ್ನ ಹಿಂದೆ ಬರುವವರಿಗೂ ಬಾಗಿಲು ತೆರೆದ ಒಬ್ಬ ವಿದ್ಯಾರ್ಥಿನಿ ನಮ್ಮ ಕರ್ನಾಟಕದಲ್ಲೇ ಓದಿದ್ದರು. ಅವರೇ ಕಮಲಾ ಭಾಗವತ್. ಮದುವೆಯ ನಂತರ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದ ಜೀವರಸಾಯನ ವಿಜ್ಞಾನಿ. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ರಸಾಯನಶಾಸ್ತ್ರದ ಮನೆಯಲ್ಲಿ ಬಾಲ್ಯ

ಕಮಲಾ ಅವರು 1911ರ ಜೂನ್ 18ರಂದು ಇಂದೋರಿನಲ್ಲಿ ಜನಿಸಿದರು. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ಮೊದಲ ತಲೆಮಾರಿನವರು. ಜೆಮ್‌ಶೆಟ್‌ಜಿ ಟಾಟಾ ಅವರ ಕನಸಿನಿಂದಲೂ ಮೈಸೂರು ಸಂಸ್ಥಾನ ನೀಡಿದ ಭೂಮಿಯಿಂದಲೂ 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯನ್ನೇ ನಾವು ಇಂದು ಭಾರತೀಯ ವಿಜ್ಞಾನ ಸಂಸ್ಥೆ ಎನ್ನುತ್ತೇವೆ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ದೊಡ್ಡ ಲೇಖಕಿ. 1975ರಲ್ಲಿ ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಜೈಲಿಗೂ ಹೋದವರು. ಒಂದೇ ಮನೆಯಲ್ಲಿ ಅಕ್ಕ ಸಾಹಿತ್ಯದ ಕಡೆಗೆ, ತಂಗಿ ವಿಜ್ಞಾನದ ಕಡೆಗೆ ಹೋದದ್ದನ್ನು ಗಮನಿಸಬೇಕು. ಆ ಮನೆಯಲ್ಲಿ ಓದು ಯಾರ ಹಕ್ಕು ಎಂಬ ಪ್ರಶ್ನೆಯೇ ಇರಲಿಲ್ಲ.

ತಂದೆಯ ದಾರಿಯಲ್ಲೇ ನಡೆಯಬೇಕೆಂದು ಕಮಲಾ ರಸಾಯನಶಾಸ್ತ್ರವನ್ನು ಆರಿಸಿಕೊಂಡರು. ರಸಾಯನಶಾಸ್ತ್ರ ಮುಖ್ಯ ವಿಷಯವಾಗಿಯೂ ಭೌತಶಾಸ್ತ್ರ ಉಪವಿಷಯವಾಗಿಯೂ ಓದಿ 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್ಸಿ. ಪದವಿ ಪಡೆದರು. ಅಂಕಗಳು ಉತ್ತಮವಾಗಿದ್ದವು. ಆದುದರಿಂದ ತಂದೆ ಮತ್ತು ಚಿಕ್ಕಪ್ಪ ಓದಿದ ಬೆಂಗಳೂರಿನ ಸಂಸ್ಥೆಯಲ್ಲಿ ತನಗೂ ಸ್ಥಾನ ಸಿಗುವುದೆಂದು ಅವರು ಅರ್ಜಿ ಹಾಕಿದರು.

ಮುಚ್ಚಿದ ಬಾಗಿಲು

ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದು ಇಡೀ ದೇಶಕ್ಕೆ ಕೀರ್ತಿ ತಂದವರು. ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರೂ ಹೌದು. ಅಂತಹ ಮಹಾ ವಿಜ್ಞಾನಿ ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು. ಅಂಕ ಕಡಿಮೆ ಇದ್ದುದರಿಂದಲ್ಲ, ಅರ್ಜಿದಾರರು ಹೆಣ್ಣು ಎಂಬ ಒಂದೇ ಕಾರಣದಿಂದ. ತಂದೆಯವರ ಕೋರಿಕೆಯಿಂದಲೂ ಏನೂ ಬದಲಾಗಲಿಲ್ಲ.

ಇದು ಯಾವ ಕಾಲದ ಮಾತು ಎಂಬುದನ್ನು ನಮ್ಮ ಊರಿನ ಉದಾಹರಣೆಯಿಂದಲೇ ನೋಡಬಹುದು. ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸಂತ ಆಗ್ನೆಸ್ ಕಾಲೇಜು ಆರಂಭವಾದದ್ದು 1921ರಲ್ಲಿ. ಅದಾಗಿ ಹನ್ನೆರಡು ವರ್ಷಗಳ ನಂತರ ಬೆಂಗಳೂರಿನ ಒಂದು ಉನ್ನತ ಸಂಸ್ಥೆ ಪದವೀಧರೆಯೊಬ್ಬಳನ್ನು ಹೆಣ್ಣೆಂಬ ಕಾರಣಕ್ಕೆ ಹೊರಗೆ ನಿಲ್ಲಿಸಿತ್ತು. ಕಾಲೇಜು ಮೆಟ್ಟಿಲು ಹತ್ತಲು ಬಿಡುವುದು ಬೇರೆ, ಪ್ರಯೋಗಾಲಯದೊಳಗೆ ಸಮಾನವಾಗಿ ನಿಲ್ಲಲು ಬಿಡುವುದು ಬೇರೆ.

ಕಮಲಾ ಅವರು ಮುಂಬಯಿಗೆ ಮರಳಿ ಸುಮ್ಮನಾಗಲಿಲ್ಲ. ಗಾಂಧೀಜಿಯವರ ಸತ್ಯಾಗ್ರಹದ ಕಾಲವದು. ಅವರೂ ಅದೇ ದಾರಿ ಹಿಡಿದರು. ತನ್ನನ್ನು ಸೇರಿಸಿಕೊಳ್ಳದಿರಲು ಸರಿಯಾದ ಕಾರಣ ತಿಳಿಸಬೇಕೆಂದು ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ಕೊನೆಗೆ ರಾಮನ್ ಒಪ್ಪಿದರು. ಆದರೆ ಮೂರು ಷರತ್ತುಗಳನ್ನು ಹಾಕಿದರು. ಮೊದಲ ಒಂದು ವರ್ಷ ಅವರನ್ನು ನಿಯತ ವಿದ್ಯಾರ್ಥಿಯೆಂದು ಪರಿಗಣಿಸಲಾಗದು, ಕೆಲಸ ತೃಪ್ತಿಕರವೆಂದು ಕಂಡರೆ ಮಾತ್ರ ಮುಂದಿನ ಮಾತು. ಮಾರ್ಗದರ್ಶಕರು ಹೇಳಿದಾಗ ರಾತ್ರಿ ಹೊತ್ತಿನಲ್ಲೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಅವರಿಂದ ಕೆಡಬಾರದು.

ಮೂರನೆಯ ಷರತ್ತು ಎಷ್ಟು ನೋವಿನದು ಎಂಬುದನ್ನು ವಿವರಿಸಬೇಕಾಗಿಲ್ಲ. ಕಮಲಾ ಮೂರನ್ನೂ ಒಪ್ಪಿಕೊಂಡರು. ಒಪ್ಪಿಕೊಂಡರೇ ಹೊರತು ಮರೆಯಲಿಲ್ಲ. ಹೆಣ್ಣೆಂಬ ಕಾರಣಕ್ಕೆ ತನಗಾದ ಆ ಅವಮಾನವನ್ನು ಅವರು ಬದುಕಿನ ಕೊನೆಯ ವರ್ಷಗಳಲ್ಲೂ ಸಾರ್ವಜನಿಕವಾಗಿ ನೆನಪಿಸಿಕೊಂಡಿದ್ದರು. ರಾಮನ್ ಅವರ ಹಿರಿಮೆಯನ್ನು ಒಪ್ಪುತ್ತಲೇ ಅವರ ಈ ತಪ್ಪನ್ನೂ ನಾವು ತಪ್ಪೆಂದೇ ಹೇಳಬೇಕಾಗುತ್ತದೆ.

ಶ್ರೀನಿವಾಸಯ್ಯನವರ ಪ್ರಯೋಗಾಲಯ

ಕಮಲಾ ಅವರಿಗೆ ದೊರೆತ ಗುರುಗಳು ಎಂ. ಶ್ರೀನಿವಾಸಯ್ಯ. ಅವರು ಶಿಸ್ತಿನ ಮನುಷ್ಯ, ಕೆಲಸದಲ್ಲಿ ಕಟ್ಟುನಿಟ್ಟು. ಆದರೆ ಕಲಿಯುವ ಮನಸ್ಸಿರುವವರಿಗೆ ಧಾರಾಳವಾಗಿ ಕಲಿಸುವವರು. ಬೆಳಗಿನ ಜಾವದಿಂದ ರಾತ್ರಿಯವರೆಗೆ ಪ್ರಯೋಗಾಲಯದಲ್ಲಿ ಕೆಲಸವಿರುತ್ತಿತ್ತು. ಪಠ್ಯಪುಸ್ತಕದ ಸಾರಾಂಶ ಓದಿ ತೃಪ್ತರಾಗಲು ಅವರು ಬಿಡುತ್ತಿರಲಿಲ್ಲ. ಆ ವಿಷಯದಲ್ಲಿ ದೊಡ್ಡ ವಿಜ್ಞಾನಿಗಳು ಬರೆದ ಮೂಲ ಕೃತಿಗಳನ್ನೇ ಓದಲು, ಸಂಶಯ ಬಂದರೆ ಬರೆದವರಿಗೇ ಪತ್ರ ಬರೆದು ಕೇಳಲು ಪ್ರೋತ್ಸಾಹಿಸುತ್ತಿದ್ದರು. ಅಂದಿನ ದಿನಗಳಲ್ಲಿ ಬೆಂಗಳೂರಿನಿಂದ ಇಂಗ್ಲೆಂಡಿಗೆ ಹೋಗುವ ಪತ್ರಕ್ಕೆ ಉತ್ತರ ಬರಲು ವಾರಗಳೇ ಬೇಕಿತ್ತು. ಆದರೂ ಕೇಳುವ ಅಭ್ಯಾಸವನ್ನು ಬಿಡಬಾರದೆಂಬುದು ಗುರುಗಳ ಪಾಠ.

ಕಮಲಾ ಆರಿಸಿಕೊಂಡ ವಿಷಯ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳು. ಬಡವರ ತಟ್ಟೆಯಲ್ಲಿ ಮಾಂಸ, ಮೊಟ್ಟೆ ದಿನವೂ ಇರುವುದಿಲ್ಲ. ತೊಗರಿ, ಹೆಸರು, ಉದ್ದು, ಕಡಲೆಗಳೇ ಅವರ ಶಕ್ತಿ. ಅವುಗಳಲ್ಲಿ ಏನಿದೆ, ಎಷ್ಟಿದೆ, ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬುದು ಅವರ ಪ್ರಶ್ನೆ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ. ಅಮೈನೋ ಆಮ್ಲದ ಒಂದು ಬದಿಯಲ್ಲಿ ಸಾರಜನಕವಿರುವ ಅಮೈನೋ ಗುಂಪು, ಇನ್ನೊಂದು ಬದಿಯಲ್ಲಿ ಕಾರ್ಬಾಕ್ಸಿಲ್ ಗುಂಪು. ಒಂದರ ಅಮೈನೋ ಗುಂಪು ಇನ್ನೊಂದರ ಕಾರ್ಬಾಕ್ಸಿಲ್ ಗುಂಪಿನೊಡನೆ ಕೂಡಿದಾಗ ಒಂದು ನೀರಿನ ಅಣು ಹೊರಬಿದ್ದು ಪೆಪ್ಟೈಡ್ ಬಂಧ ಉಂಟಾಗುತ್ತದೆ. ಪಿಯುಸಿಯ ಸಾವಯವ ರಸಾಯನಶಾಸ್ತ್ರದ ಕೊನೆಯ ಅಧ್ಯಾಯಗಳಲ್ಲಿ ಇದೇ ಪಾಠವಿದೆ. ಪ್ರೋಟೀನಿನಲ್ಲಿ ತೂಕದ ಸುಮಾರು 16 ಶೇಕಡಾ ಸಾರಜನಕ. ಆದುದರಿಂದ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನನ್ನು ಅಂದಾಜು ಮಾಡುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಬೇಳೆಯೊಳಗಿನ ಎಲ್ಲ ಸಾರಜನಕವೂ ಪ್ರೋಟೀನಿನದ್ದಲ್ಲ. ಪ್ರೋಟೀನೇತರ ಸಾರಜನಕವೂ ಇರುತ್ತದೆ. ಅದನ್ನು ಬೇರೆ ಮಾಡಿ ನೋಡದಿದ್ದರೆ ಲೆಕ್ಕ ತಪ್ಪುತ್ತದೆ. ಕಮಲಾ ತಮ್ಮ ಗುರುಗಳೊಂದಿಗೆ ಅಧ್ಯಯನ ಮಾಡಿದ ವಿಷಯಗಳಲ್ಲಿ ಇದೂ ಒಂದು. ಸೂತ್ರವನ್ನು ಬಾಯಿಪಾಠ ಮಾಡಿದವರು 6.25ರಿಂದ ಗುಣಿಸಿ ಮುಗಿಸುತ್ತಾರೆ. ಸೂತ್ರ ಏಕೆ ಹಾಗಿದೆ ಎಂದು ತಿಳಿದವರು ಮಾತ್ರ ಅದು ಎಲ್ಲಿ ಸೋಲುತ್ತದೆ ಎಂದೂ ಕೇಳಬಲ್ಲರು.

ವರ್ಷ ಕಳೆಯಿತು. ಕಮಲಾ ಅವರ ಪ್ರಾಮಾಣಿಕತೆ, ಶಿಸ್ತು ಮತ್ತು ಕೆಲಸ ಕಂಡು ರಾಮನ್ ಅವರನ್ನು ನಿಯತ ಸಂಶೋಧನಾ ವಿದ್ಯಾರ್ಥಿಯಾಗಿ ಒಪ್ಪಿಕೊಂಡರು. 1936ರಲ್ಲಿ ಕಮಲಾ ಎಂ.ಎಸ್ಸಿ. ಪದವಿಯನ್ನು ಉನ್ನತ ದರ್ಜೆಯಲ್ಲಿ ಪಡೆದರು. ಅದಕ್ಕಿಂತ ದೊಡ್ಡ ಫಲಿತಾಂಶವೆಂದರೆ ಆ ಸಂಸ್ಥೆಯಲ್ಲಿ ಮಹಿಳೆಯರಿಗೆ ಪ್ರವೇಶದ ದಾರಿ ತೆರೆಯಿತು. 1940ರಲ್ಲಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯಕ್ಕೇ ಸೇರಿ ಮುಂದೆ ದೇಶದ ಹೆಸರಾಂತ ಹವಾಮಾನ ವಿಜ್ಞಾನಿಯಾದರು. ಅದೇ ದಶಕದಲ್ಲಿ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿಯವರೂ ಅಲ್ಲಿ ಸೇರಿದರು. ಒಬ್ಬ ವಿದ್ಯಾರ್ಥಿನಿ ಆ ಒಂದು ವರ್ಷ ಸೋತು ಹಿಂದಿರುಗಿದ್ದರೆ, ಹೆಣ್ಣುಮಕ್ಕಳಿಂದ ಇದು ಆಗದು ಎನ್ನುವವರಿಗೆ ಒಂದು ಸಾಕ್ಷ್ಯ ಸಿಕ್ಕಿದಂತಾಗುತ್ತಿತ್ತು. ಅವರು ಓದಿದ್ದು ತನ್ನೊಬ್ಬಳಿಗಾಗಿ ಮಾತ್ರವಲ್ಲ.

ಆಲೂಗೆಡ್ಡೆಯಿಂದ ಪಿಎಚ್.ಡಿ.

ಮುಂದಿನ ಓದಿಗೆ ವಿದ್ಯಾರ್ಥಿವೇತನ ಪಡೆದು ಕಮಲಾ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಹೋದರು. ನ್ಯೂನ್‌ಹ್ಯಾಮ್ ಕಾಲೇಜಿನ ವಿದ್ಯಾರ್ಥಿನಿಯಾದರು. ಜೀವಸತ್ವಗಳ ಕುರಿತ ಕೆಲಸಕ್ಕಾಗಿ 1929ರಲ್ಲಿ ನೊಬೆಲ್ ಪಡೆದಿದ್ದ ಫ್ರೆಡೆರಿಕ್ ಹಾಪ್ಕಿನ್ಸ್ ಅವರ ಪ್ರಯೋಗಾಲಯ ಅಲ್ಲಿತ್ತು. ಮೊದಲು ಡೆರೆಕ್ ರಿಕ್ಟರ್ ಅವರ ಜೊತೆ, ನಂತರ ಸಸ್ಯಗಳ ಅಂಗಾಂಶಗಳ ಮೇಲೆ ಕೆಲಸ ಮಾಡುತ್ತಿದ್ದ ರಾಬಿನ್ ಹಿಲ್ ಅವರ ಜೊತೆ ಕಮಲಾ ಸಂಶೋಧನೆ ನಡೆಸಿದರು.

ಅವರ ಕೈಗೆ ಬಂದ ವಸ್ತು ಆಲೂಗೆಡ್ಡೆ. ಅದರ ಅಧ್ಯಯನದಲ್ಲಿ ಸಸ್ಯದ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಇರುವುದನ್ನು ಅವರು ಕಂಡುಕೊಂಡರು. ಕಬ್ಬಿಣದ ಅಂಶವುಳ್ಳ ಈ ಪ್ರೋಟೀನು ಜೀವಕೋಶದ ಉಸಿರಾಟದಲ್ಲಿ ಇಲೆಕ್ಟ್ರಾನುಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವ ಕೆಲಸ ಮಾಡುತ್ತದೆ. ಈ ವಿಷಯದ ಮೇಲೆ ಅವರು ಬರೆದ ಪ್ರಬಂಧ ಕೇವಲ 40 ಪುಟಗಳದ್ದು. ಕೇಂಬ್ರಿಜ್‌ಗೆ ಹೋಗಿ ಸುಮಾರು 14 ತಿಂಗಳಲ್ಲಿ ಅದು ಸಿದ್ಧವಾಯಿತು. 1939ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ಉತ್ತರ ಪತ್ರಿಕೆಯಲ್ಲಿ ಪುಟ ತುಂಬಿಸಿದರೆ ಅಂಕ ಬರುತ್ತದೆ ಎಂದು ನಂಬಿರುವ ನಮ್ಮ ಮಕ್ಕಳು ಆ 40 ಪುಟಗಳನ್ನು ನೆನಪಿಡುವುದು ಒಳ್ಳೆಯದು.

ಜನರ ಊಟದ ತಟ್ಟೆಯ ಕಡೆಗೆ

ವಿದೇಶದಲ್ಲಿ ನೆಲೆಸುವ ಅವಕಾಶವಿದ್ದರೂ 1939ರಲ್ಲಿ ಕಮಲಾ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ನಂತರ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಜೀವಸತ್ವಗಳ ಕುರಿತು ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕಿಯಾಗಿ ಅನೇಕ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಿದರು.

ಅಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ದ್ವಿದಳ ಧಾನ್ಯಗಳಲ್ಲಿರುವ ಟ್ರಿಪ್ಸಿನ್ ತಡೆಕಾರಕಗಳ ಬಗ್ಗೆ ಅಧ್ಯಯನ ಮಾಡಿದರು. ಟ್ರಿಪ್ಸಿನ್ ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವ. ಹಸಿ ಕಾಳುಗಳಲ್ಲಿ ಅದನ್ನು ತಡೆಯುವ ವಸ್ತುಗಳಿವೆ. ಚೆನ್ನಾಗಿ ಬೇಯಿಸಿದಾಗ ಅವು ಬಹುಮಟ್ಟಿಗೆ ನಾಶವಾಗುತ್ತವೆ. ನಮ್ಮ ತಾಯಂದಿರು ಕಾಳನ್ನು ನೆನೆಸಿ ಬೇಯಿಸುವುದರ ಹಿಂದೆ ಇಷ್ಟು ರಸಾಯನಶಾಸ್ತ್ರವಿದೆ.

ಅಂದಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕಮಲಾ ನೀರಾದ ಮೇಲೂ ಸಂಶೋಧನೆ ನಡೆಸಿದರು. ತಾಳೆ ಜಾತಿಯ ಮರಗಳಿಂದ ಇಳಿಸಿದ, ಹುಳಿಯದ ಸಿಹಿ ರಸವೇ ನೀರಾ. ಕರಾವಳಿಯವರಾದ ನಮಗೆ ಇದು ಹೊಸದಲ್ಲ. ಹಾಗೆಯೇ ಬಿಟ್ಟರೆ ಯೀಸ್ಟ್ ಅದರ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಮಾಡಿ ಶೇಂದಿಯಾಗಿಸುತ್ತದೆ. ಹುಳಿಯುವ ಮೊದಲು ಅದು ಎಲ್ಲರೂ ಕುಡಿಯಬಹುದಾದ ಪೌಷ್ಟಿಕ ಪಾನೀಯ. ಅದರಲ್ಲಿ ಸಿ ಜೀವಸತ್ವ, ಕಬ್ಬಿಣ ಮುಂತಾದ ಪೋಷಕಾಂಶಗಳಿರುವುದನ್ನು ಅವರು ತೋರಿಸಿದರು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಆದಿವಾಸಿ ಮಕ್ಕಳಿಗೂ ಗರ್ಭಿಣಿಯರಿಗೂ ನೀರಾ ನೀಡಿದಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಗುಣಮಟ್ಟದ ವಿಷಯದಲ್ಲಿ ಅವರು ಸಲಹೆ ನೀಡಿದ್ದರು.

ಆದರೂ ಅಡೆತಡೆಗಳು ಮುಗಿದಿರಲಿಲ್ಲ. ಅರ್ಹತೆಯಿದ್ದರೂ ಸಂಸ್ಥೆಯ ನಿರ್ದೇಶಕರ ಹುದ್ದೆ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷ ತಡವಾಗಿ. 1966ರಲ್ಲಿ ಒಂಬತ್ತು ಮಂದಿ ಮಹಿಳೆಯರು ಸೇರಿ ಮುಂಬಯಿಯಲ್ಲಿ ಗ್ರಾಹಕರ ಹಿತರಕ್ಷಣೆಗಾಗಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯನ್ನು ಕಟ್ಟಿದಾಗ ಅವರಲ್ಲಿ ಕಮಲಾ ಕೂಡ ಒಬ್ಬರು. ಮುಂದೆ ಅದರ ಅಧ್ಯಕ್ಷೆಯೂ ಆದರು. ಸಂಸ್ಥೆಯ ಕೀಮತ್ ಎಂಬ ಪತ್ರಿಕೆಯಲ್ಲಿ ಗ್ರಾಹಕರಿಗಾಗಿ ಲೇಖನಗಳನ್ನು ಬರೆದರು. 1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ಸನ್ಮಾನಿಸಲು ಏರ್ಪಡಿಸಿದ ಸಮಾರಂಭದಲ್ಲೇ ಕುಸಿದು ಬಿದ್ದ ಅವರು ಜೂನ್ 28ರಂದು ನಿಧನರಾದರು. ಮಂಡಳಿಯ ಮಹಾನಿರ್ದೇಶಕರಾಗಿ ಅವರನ್ನು ಆಹ್ವಾನಿಸಿದವರೂ ಒಬ್ಬ ಮಹಿಳೆಯೇ, ಡಾ. ಜಿ.ವಿ. ಸತ್ಯವತಿ.

ನಮ್ಮ ವಿದ್ಯಾರ್ಥಿಗಳಿಗೆ ಇದರಲ್ಲೇನಿದೆ?

ನನ್ನ ವೃತ್ತಿ ಉರ್ದು ಮತ್ತು ಕನ್ನಡ ಕಲಿಸುವುದು, ರಸಾಯನಶಾಸ್ತ್ರವಲ್ಲ. ಆದರೆ ಸಾವಯವ ರಸಾಯನಶಾಸ್ತ್ರದ ಬಗ್ಗೆ ಮಕ್ಕಳು ಹೇಳುವ ಕಷ್ಟವನ್ನು ಕೇಳಿದಾಗಲೆಲ್ಲ ನನಗೆ ಉರ್ದು ಅಕ್ಷರಾಭ್ಯಾಸವೇ ನೆನಪಾಗುತ್ತದೆ. ಉರ್ದುವಿನಲ್ಲಿ ಒಂದೇ ಅಕ್ಷರ ಪದದ ಆರಂಭದಲ್ಲಿ ಒಂದು ರೂಪ, ನಡುವೆ ಇನ್ನೊಂದು, ಕೊನೆಯಲ್ಲಿ ಮತ್ತೊಂದು ರೂಪ ತಾಳುತ್ತದೆ. ಅಲಿಫ್, ದಾಲ್, ವಾವ್‌ನಂತಹ ಅಕ್ಷರಗಳು ಮುಂದಿನ ಅಕ್ಷರದೊಡನೆ ಕೂಡುವುದೇ ಇಲ್ಲ. ಅಕ್ಷರದ ಈ ಸ್ವಭಾವ ತಿಳಿದ ಮಗು ತಾನು ಕಂಡಿರದ ಪದವನ್ನೂ ಓದುತ್ತದೆ. ಪದವನ್ನು ಚಿತ್ರದಂತೆ ಬಾಯಿಪಾಠ ಮಾಡಿದ ಮಗು ಹೊಸ ಪದ ಬಂದೊಡನೆ ನಿಂತುಬಿಡುತ್ತದೆ. ಸಾವಯವ ರಸಾಯನಶಾಸ್ತ್ರವೂ ಹೀಗೆಯೇ. ಇಂಗಾಲಕ್ಕೆ ನಾಲ್ಕು ಬಂಧಗಳು. ಅದರ ಮೇಲೆ ಕುಳಿತಿರುವ ಆಲ್ಕೋಹಾಲ್, ಆಲ್ಡಿಹೈಡ್, ಆಮ್ಲ, ಅಮೀನ್ ಗುಂಪುಗಳೇ ಅದರ ಅಕ್ಷರಗಳು. ಗುಂಪಿನ ಸ್ವಭಾವ ತಿಳಿದರೆ ಅದು ಯಾವ ಅಣುವಿನಲ್ಲಿ ಬಂದರೂ ಗುರುತು ಸಿಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಬೇರೆಯೇ ಬಂತು ಎಂದು ಮಕ್ಕಳು ಹೇಳುವಾಗ ಬಂದಿರುವುದು ಹೊಸ ಪದ ಮಾತ್ರ, ಅಕ್ಷರಗಳು ಹಳೆಯವೇ.

ಕಾಲೇಜು ನಿಮ್ಮಿಂದ ಏನನ್ನು ನಿರೀಕ್ಷಿಸುತ್ತದೆ ಎಂಬುದನ್ನು ಮೊದಲ ವಾರವೇ ತಿಳಿದುಕೊಳ್ಳಿ. ಶಾಲೆಯಲ್ಲಿ ನೆನಪಿನ ಶಕ್ತಿಗೆ ಹೆಚ್ಚು ಅಂಕವಿತ್ತು. ಇಲ್ಲಿ ಕಾರಣ ಹೇಳುವ ಶಕ್ತಿಗೆ ಅಂಕವಿದೆ. ಕಮಲಾ ಅವರ ಜೀವನವನ್ನು ಮುಂದಿಟ್ಟುಕೊಂಡು, ರಸಾಯನಶಾಸ್ತ್ರ ಕಲಿಸುವ ಮಿತ್ರರೊಡನೆಯೂ ಮಾತನಾಡಿ, ಕೆಲವು ಅಭ್ಯಾಸಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದಾಗಿ, ಮೊದಲ ದಿನದಿಂದಲೇ ಓದು ಆರಂಭವಾಗಬೇಕು. ಕಮಲಾ ಅವರಿಗೆ ಆ ವರ್ಷದ ಪ್ರತಿ ದಿನವೂ ಲೆಕ್ಕಕ್ಕೆ ಸೇರಿತ್ತು. ಈ ವಿಷಯ ಮೆಟ್ಟಿಲು ಮೆಟ್ಟಿಲಾಗಿ ಏರುವಂತಹದು. ಹೆಸರಿಡುವ ಕ್ರಮ ತಿಳಿಯದೆ ರಚನೆ ಬರೆಯಲಾಗದು, ರಚನೆ ತಿಳಿಯದೆ ಸಮಾಂಗಿಗಳು ಅರ್ಥವಾಗವು, ಇಲೆಕ್ಟ್ರಾನುಗಳ ಚಲನೆ ತಿಳಿಯದೆ ಕ್ರಿಯೆಗಳು ತಲೆಗೆ ಹತ್ತವು. ಕೆಳಗಿನ ಮೆಟ್ಟಿಲು ಬಿಟ್ಟವರು ಪರೀಕ್ಷೆಯ ಹಿಂದಿನ ವಾರ ಹಾರಿ ಏರಲು ಸಾಧ್ಯವಿಲ್ಲ. ವಾರಕ್ಕೊಮ್ಮೆ ಐದು ಗಂಟೆ ಕುಳಿತುಕೊಳ್ಳುವುದಕ್ಕಿಂತ ದಿನಕ್ಕೆ ಮುಕ್ಕಾಲು ಗಂಟೆ ಕುಳಿತುಕೊಳ್ಳುವುದು ಮೇಲು.

ಎರಡನೆಯದಾಗಿ, ಕಣ್ಣಿನಿಂದ ಓದಿದರೆ ಸಾಲದು, ಕೈಯಿಂದ ಬರೆಯಬೇಕು. ತರಗತಿಯ ಟಿಪ್ಪಣಿಯನ್ನು ಅದೇ ಸಂಜೆ ನೋಡಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ರಚನೆಗಳನ್ನು ಬರೆಯಿರಿ. ಎಲ್ಲಿ ಪೆನ್ನು ನಿಂತಿತೋ ಅಲ್ಲೇ ನಿಮಗೆ ಅರ್ಥವಾಗಿಲ್ಲ ಎಂದು ತಿಳಿಯಿರಿ. ಪುಸ್ತಕ ತೆರೆದಿಟ್ಟು ಓದುವಾಗ ಎಲ್ಲವೂ ತಿಳಿದಂತೆಯೇ ಕಾಣುತ್ತದೆ.

ಮೂರನೆಯದಾಗಿ, ಪ್ರತಿ ಗುಂಪಿಗೂ ಒಂದೊಂದು ಹಾಳೆ ಮಾಡಿ. ಅದು ಯಾವುದರಿಂದ ಬರುತ್ತದೆ, ಯಾವುದಾಗಿ ಹೋಗುತ್ತದೆ, ಅದಕ್ಕೆ ಏನು ಬೇಕು ಎಂದು ಬಾಣದ ಗುರುತುಗಳಿಂದ ತೋರಿಸಿ. ಎಥನಾಲ್ ಉತ್ಕರ್ಷಣಗೊಂಡರೆ ಅಸಿಟಾಲ್ಡಿಹೈಡ್, ಅದು ಮತ್ತೆ ಉತ್ಕರ್ಷಣಗೊಂಡರೆ ವಿನೆಗರಿನಲ್ಲಿರುವ ಎಥನಾಯಿಕ್ ಆಮ್ಲ. ಆ ಆಮ್ಲ ಎಥನಾಲಿನೊಡನೆ ಕೂಡಿದರೆ ಹಣ್ಣಿನಂತಹ ಪರಿಮಳದ ಎಸ್ಟರ್. ನಾಲ್ಕು ಹೆಸರುಗಳು ಹೀಗೆ ಒಂದು ದಾರಿಯಾದರೆ ಮರೆಯುವುದು ಕಷ್ಟ.

ನಾಲ್ಕನೆಯದಾಗಿ, ಏಕೆ ಎಂದು ಕೇಳಿ. ಆಮ್ಲಜನಕ ಇಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆಯುತ್ತದೆ. ಆದುದರಿಂದ ಆಲ್ಡಿಹೈಡಿನಲ್ಲಿ ಅದರೊಡನೆ ಎರಡು ಬಂಧದಿಂದ ಕೂಡಿರುವ ಇಂಗಾಲಕ್ಕೆ ಇಲೆಕ್ಟ್ರಾನಿನ ಕೊರತೆ. ಇಲೆಕ್ಟ್ರಾನು ಕೊಡಬಲ್ಲ ಅಣು ಬಂದರೆ ಅದು ಆ ಇಂಗಾಲವನ್ನೇ ಹುಡುಕುತ್ತದೆ. ಈ ಒಂದು ಕಾರಣ ತಿಳಿದರೆ ಹತ್ತು ಕ್ರಿಯೆಗಳು ಒಂದೇ ಕ್ರಿಯೆಯ ಹತ್ತು ರೂಪಗಳಾಗಿ ಕಾಣುತ್ತವೆ. ಕಾರಣ ತಿಳಿಯದಿದ್ದರೆ ಅಧ್ಯಾಪಕರನ್ನು ಕೇಳಿ. ಕಮಲಾ ಅವರ ಗುರುಗಳು ಸಮುದ್ರದಾಚೆಗೆ ಪತ್ರ ಬರೆಯಲು ಹೇಳಿದ್ದರು. ನಮಗೆ ಮುಂದಿನ ಬೆಂಚಿನವರೆಗೆ ನಡೆದು ಹೋಗಲು ಸಂಕೋಚ ಯಾಕೆ?

ಐದನೆಯದಾಗಿ, ಪ್ರಯೋಗಾಲಯವನ್ನು ಕಡೆಗಣಿಸಬೇಡಿ. ಕಂಡದ್ದನ್ನು ಕಂಡ ಕ್ಷಣವೇ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಬರಬೇಕಾದ ಬಣ್ಣವನ್ನಲ್ಲ, ಬಂದ ಬಣ್ಣವನ್ನು ಬರೆಯಿರಿ. ಪಕ್ಕದವರ ಉತ್ತರವನ್ನು ನಕಲು ಮಾಡಿದ ದಿನ ಅಂಕ ಬರಬಹುದು, ವಿಜ್ಞಾನ ಬರುವುದಿಲ್ಲ.

ಕೊನೆಯದಾಗಿ, ತಪ್ಪುಗಳಿಗೆ ಒಂದು ಪುಸ್ತಕವಿಡಿ. ಕಿರುಪರೀಕ್ಷೆಯಲ್ಲಿ ಎಡವಿದ ಪ್ರಶ್ನೆಯನ್ನು ಅದರಲ್ಲಿ ಬರೆದು, ಒಂದು ವಾರ ಬಿಟ್ಟು ಪುನಃ ಬಿಡಿಸಿ. ನಾಲ್ಕು ಮಂದಿ ಕೂಡಿ ಓದಿ, ಒಬ್ಬರಿಗೊಬ್ಬರು ವಿವರಿಸಿ. ಆದರೆ ಕಮಲಾ ಅವರಂತೆ ರಾತ್ರಿಯವರೆಗೆ ದುಡಿಯಬೇಕೆಂದು ನಿದ್ರೆ ಬಿಡಬೇಡಿ. ಅವರ ಗಂಟೆಗಳನ್ನು ಅನುಕರಿಸುವುದಕ್ಕಿಂತ ಅವರ ನಿಯಮಿತತೆಯನ್ನು ಅನುಕರಿಸುವುದು ಲೇಸು.

ಹೆತ್ತವರಿಗೂ ಸದಸ್ಯರಿಗೂ ಒಂದು ಮಾತು

ಕಮಲಾ ಅವರ ಕಥೆಯನ್ನು ಕೇಳಿ, ಷರತ್ತು ಹಾಕಿದ್ದರಿಂದಲೇ ಅವರು ಚೆನ್ನಾಗಿ ಓದಿದರು ಎಂದು ಯಾರೂ ತಿಳಿಯಬಾರದು. ಷರತ್ತು ಇಲ್ಲದಿದ್ದರೂ ಅವರು ಓದುತ್ತಿದ್ದರು. ಅವರ ಜೊತೆ ಓದಿದ ಹುಡುಗರಿಗೆ ಆ ಷರತ್ತುಗಳು ಇರಲಿಲ್ಲ. ಅವರು ಗೆದ್ದದ್ದು ತಂದೆಯ ಬೆಂಬಲ ಮತ್ತು ಗುರುಗಳ ಔದಾರ್ಯ ಜೊತೆಗಿದ್ದುದರಿಂದ. ಇವೆರಡೂ ಇಲ್ಲದೆ ಬಾಗಿಲಿನಿಂದಲೇ ಹಿಂದಿರುಗಿದ ಹೆಣ್ಣುಮಕ್ಕಳ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ.

ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಮಗಳ ಓದಿನ ಬಗ್ಗೆ ತೀರ್ಪು ಕೊಡಲು ಅವಸರ ಮಾಡಬೇಡಿ. ಭಾಷೆ ಕಲಿಯಲು ಸಮಯ ಬೇಕಾದಂತೆ ಈ ವಿಷಯಕ್ಕೂ ಬೇಕು. ಪ್ರಾಯೋಗಿಕ ತರಗತಿ ಮುಗಿದು ಮನೆಗೆ ಬರುವಾಗ ಸಂಜೆಯಾಗುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳಿ. ಬಂದೊಡನೆ ಮಗಳಿಗೆ ಅಡುಗೆಮನೆಯ ಕೆಲಸ, ಮಗನಿಗೆ ವಿಶ್ರಾಂತಿ ಎಂಬ ಭೇದ ಬೇಡ. ಒಂದು ಮೇಜು, ಒಂದು ದೀಪ, ಗಲಾಟೆಯಿಲ್ಲದ ಒಂದು ಗಂಟೆ ಕೊಟ್ಟರೆ ಅದು ದುಬಾರಿ ಟ್ಯೂಷನ್‌ಗಿಂತ ಹೆಚ್ಚು ಉಪಕಾರ. ನಮ್ಮ ಸಂಘದ ಹಿರಿಯ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆ ಕಿರಿಯರ ಜೊತೆ ಕುಳಿತು ಪಾಠ ಹೇಳಿಕೊಟ್ಟರೆ, ತಾವು ಓದಿ ಮುಗಿಸಿದ ಪುಸ್ತಕಗಳನ್ನು ದಾಟಿಸಿದರೆ, ಎಷ್ಟೋ ಮಕ್ಕಳ ಭಯ ದೂರವಾಗುತ್ತದೆ.

ಬೆಂಗಳೂರಿನ ಆ ಕಚೇರಿಯ ಮುಂದೆ 1933ರಲ್ಲಿ ಕುಳಿತಿದ್ದ ಯುವತಿಗೆ ಆಗ 22 ವರ್ಷ. ಅವರು ಕೇಳಿದ್ದು ರಿಯಾಯಿತಿಯನ್ನಲ್ಲ, ಕೆಲಸ ಮಾಡಲು ಒಂದು ಮೇಜನ್ನು. ಅದು ಸಿಕ್ಕಿದ ಮೇಲೆ ಒಂದು ದಿನವನ್ನೂ ವ್ಯರ್ಥ ಮಾಡಲಿಲ್ಲ. ನಮ್ಮ ಮಕ್ಕಳಿಗೆ ಇಂದು ಆ ಮೇಜು ಕೇಳದೆಯೇ ಸಿಕ್ಕಿದೆ. ಅದರ ಬೆಲೆಯನ್ನು ಅರಿತು ಅವರು ಓದಲಿ, ಮತ್ತೆ ಅದೇ ಬಾಗಿಲನ್ನು ನಮ್ಮ ಮನೆಗಳಲ್ಲಿ ನಾವೇ ಮುಚ್ಚದಿರೋಣ ಎಂಬ ಹಾರೈಕೆಯೊಂದಿಗೆ ಈ ಲೇಖನವನ್ನು ಮುಗಿಸುತ್ತೇನೆ.